ಒಂದು ರಿಂಗಿನ ಕರೆ

ನನ್ನ ತಂಗಿ ಸಂಗವ್ವ ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ರೊಟ್ಟಿ ಕೇಂದ್ರದ ಫೋನಿಗೆ ಒಂದೇ ಒಂದು ರಿಂಗ್ ಕೊಟ್ಟು ಕಟ್ ಮಾಡುತ್ತಿದ್ದಳು. ನಾನು ಎತ್ತುವಂತಿರಲಿಲ್ಲ. ಆ ಒಂದು ರಿಂಗ್ ಬಂದರೆ ಅವಳು ಆರಾಮ ಇದ್ದಾಳೆ ಎಂದರ್ಥ. ಬಾರದಿದ್ದರೆ ನಾನು ಹಿಟ್ಟಿನ ಕೈ ತೊಳೆದುಕೊಂಡು ಮುಂದಿನ ಬಸ್ಸಿಗೆ ಹೊರಡಬೇಕು. ಇಷ್ಟೇ ನಮ್ಮಿಬ್ಬರ ಕರಾರು.

ಫೋನಿನ ಮಾತು ಪುಕ್ಕಟೆಯಾಗಿ ಎಷ್ಟೋ ಕಾಲವಾಯಿತು, ಇನ್ನೂ ಮಿಸ್ಡ್ ಕಾಲ್ ಯಾಕೆ ಎಂದು ನೀವು ಕೇಳಬಹುದು. ಕೇಳಿದವರು ಬಹಳ ಜನ. ನಾವಿಬ್ಬರೂ ಮಾತಿಗೆ ಕೂತರೆ ಜಗಳ ಖಾಯಂ. ಅವ್ವನ ಮೂಗುತಿ ಯಾರಿಗೆ ಹೋಯಿತು ಎಂಬಲ್ಲಿಂದ ಹಿಡಿದು ಎಣ್ಣೆಗಾಯಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂಬಲ್ಲಿಯವರೆಗೆ ಎಳೆದಾಡುತ್ತೇವೆ. ರಿಂಗಿನಲ್ಲಿ ಜಗಳಕ್ಕೆ ಜಾಗವೇ ಇಲ್ಲ. ಅದಕ್ಕೇ ಅದು ನಮಗೆ ಒಗ್ಗಿತು.

ಸಂಗವ್ವ ಇರುವುದು ಗುಡ್ಡದ ಬುಡದಲ್ಲಿ, ಊರಿನಿಂದ ಸ್ವಲ್ಪ ಹೊರಗೆ. ನಾಲ್ಕಾರು ಮೇಕೆ ಸಾಕಿಕೊಂಡು, ಹಳೇ ಸೀರೆಗಳ ಕೌದಿ ಹೊಲಿಯುತ್ತಾಳೆ. ಮದುವೆ ಬೇಡವೆಂದಳು, ಯಾಕೆ ಬೇಡವೆಂದು ಇವತ್ತಿಗೂ ಬಾಯಿ ಬಿಟ್ಟಿಲ್ಲ. ಅವಳಿಗೆ ಆಗಾಗ ತಲೆ ಸುತ್ತು ಬರುತ್ತದೆ. ಒಮ್ಮೆ ಜ್ವರ ಬಂದು ಮಲಗಿದವಳನ್ನು ಯಾರೂ ಕೇಳುವವರಿರಲಿಲ್ಲ. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಅವಳೇ ಎದ್ದು ಗಂಜಿ ಕಾಯಿಸಿಕೊಂಡಿದ್ದಳು. ಅವತ್ತು ಇಬ್ಬರೂ ಬೈದಾಡಿ, ಅತ್ತು, ಈ ಒಂದು ರಿಂಗಿನ ಕರಾರಿಗೆ ಬಂದೆವು.

ನಾನು ನೀಲವ್ವ. ಗದಗದಲ್ಲಿ ನಮ್ಮದೊಂದು ಸಣ್ಣ ರೊಟ್ಟಿ ಕೇಂದ್ರ. ಒಳಗೆ ಸಾಲಾಗಿ ಒಲೆ, ಅವುಗಳ ಮುಂದೆ ಕೂತು ಪಟಪಟ ರೊಟ್ಟಿ ಬಡಿಯುವ ಹೆಣ್ಣುಮಕ್ಕಳು, ಪಕ್ಕದ ಕೋಣೆಯಲ್ಲಿ ಶೇಂಗಾ ಚಟ್ನಿ ಹಿಂಡಿ ಕುಟ್ಟುವ ಯಂತ್ರ. ಖಾನಾವಳಿ, ಹಾಸ್ಟೆಲು, ಮದುವೆ ಮನೆ ಎಲ್ಲ ಆರ್ಡರೂ ಫೋನಿನಲ್ಲೇ. ಹಂಚಿನ ಕೆಲಸ ನನ್ನದು, ಹೊರಗಿನ ವ್ಯವಹಾರ ನಮ್ಮ ಮನೆಯವರದು. ಅವರ ಹೆಸರು ಫಕೀರಪ್ಪ. ಸಿಟ್ಟು ಕಡಿಮೆ, ಮಾತು ಮೆತ್ತಗೆ. ಇಡೀ ಓಣಿಯೇ ಅವರನ್ನು ದೇವರಂಥ ಮನುಷ್ಯ ಅನ್ನುತ್ತಿತ್ತು. ನಾನೂ ಅನ್ನುತ್ತಿದ್ದೆ.

ಕರಾರಿನಂತೆ ನಾನು ಎರಡು ಸಲ ಓಡಿಹೋದದ್ದುಂಟು. ಮೊದಲ ಸಲ ಟವರ್ ಕೆಟ್ಟಿತ್ತು. ಎರಡನೇ ಸಲ ಮೇಕೆ ಚಾರ್ಜರಿನ ವೈರು ಕಡಿದು ಹಾಕಿತ್ತು. ಆ ಎರಡನೇ ಸಲ ನಮ್ಮಲ್ಲಿ ದೊಡ್ಡ ಮದುವೆಯ ಆರ್ಡರ್ ಇತ್ತು. ನಾನು ಹೋದಮೇಲೆ ಹಿಟ್ಟಿನ ಹದ ಕೆಟ್ಟು, ರೊಟ್ಟಿ ಸಾಲದೆ, ಮನೆಯವರು ಬೀಗರ ಎದುರು ಕೈಮುಗಿದು ನಿಲ್ಲಬೇಕಾಯಿತು.

"ನಿನ್ನ ತಂಗಿ ಮ್ಯಾಕಿ ವೈರು ತಿಂದ್ರ ನಾ ಮಂದಿ ಮುಂದ ತಲಿ ತಗ್ಗಿಸಬೇಕು," ಎಂದರು ನಾನು ಮರಳಿ ಬಂದಾಗ.

"ಮ್ಯಾಕಿ ತಿಂದೈತಂತ ನನಗ ಕನಸು ಬಿದ್ದಿತ್ತೇನ್ರಿ? ರಿಂಗ್ ಬರಲಿಲ್ಲ, ಹೋದೆ."

ಅವರು ಮತ್ತೇನೂ ಅನ್ನಲಿಲ್ಲ. ಅವರು ಸುಮ್ಮನಾದರೆ ವಿಷಯ ಮುಗಿಯಿತು ಎಂದೇ ಅಷ್ಟು ವರ್ಷ ತಿಳಿದಿದ್ದೆ.

ಆ ವರ್ಷವೇ ನಮ್ಮ ಊರಿಗೆ 'ಓಗೊಡು' ಪೆಟ್ಟಿಗೆ ಬಂದದ್ದು. ಬೆಲ್ಲದ ಅಚ್ಚಿನಷ್ಟು ಗಾತ್ರ, ಮುಂದೊಂದು ಹಸಿರು ದೀಪ. ಕೂರಿಸಲು ಹುಬ್ಬಳ್ಳಿಯಿಂದ ಬಂದವಳು ತಬಸ್ಸುಮ್ ಎಂಬ ಹುಡುಗಿ. ಬಂದವಳೇ ನನ್ನನ್ನು ಆಂಟಿ ಅಂದಳು. ಅಕ್ಕ ಅಂದಿದ್ದರೆ ಅವಳ ಗಂಟೇನು ಹೋಗುತ್ತಿತ್ತೋ ಕಾಣೆ.

"ಇನ್ನ ಮ್ಯಾಲ ನೀವು ಫೋನ್ ಎತ್ತೂದ ಬ್ಯಾಡ್ರಿ ಆಂಟಿ," ಎಂದು ಅವಳು ವಿವರಿಸಿದಳು. "ಎಲ್ಲಾ ಕರೆ ಪೆಟಿಗೀನ ಎತ್ತತೈತಿ. ಆರ್ಡರ್ ಇದ್ರ ಬರಕೋತೈತಿ, ಮದುವಿ ಮಾತಿದ್ರ ಅಂಕಲ್ ಮೊಬೈಲಿಗೆ ದಾಟಸ್ತೈತಿ. ನೀವು ಕೆಲಸದಾಗ ಇದ್ರ ಅವರ ಮಾತು ಹಿಡದಿಟ್ಟು, ನಿಮ್ಮ ದನಿಯೊಳಗ ಉತ್ತರಾ ಹೇಳತೈತಿ."

"ನನ್ನ ದನಿ ಅದಕ್ಕೆಲ್ಲಿಂದ ಬರತೈತಿ?"

"ಈಗ ಮಾತಾಡಿದ್ರಲ್ಲ, ಸಾಕು. ಕರೆ ಮುಗಿಸೋವಾಗ ನೀವು ಮಂದಿಗೆ ಏನಂತೀರಿ, ಅದನ್ನೊಂದು ಅನ್ರಿ."

ಒಲೆ ಮುಂದಿನ ಹೆಣ್ಣುಮಕ್ಕಳೆಲ್ಲ ಬಡಿಯುವುದು ಬಿಟ್ಟು ನೋಡತೊಡಗಿದರು. ನನಗೆ ನಗು ಬಂತು. ಸೆರಗು ಸರಿಮಾಡಿಕೊಂಡು, ದಿನಾ ಸಲುಗೆಯ ಗಿರಾಕಿಗಳಿಗೆ ಹೇಳುವುದನ್ನೇ ಹೇಳಿದೆ: "ಆತು, ಕೇಳಿಸಕೊಂಡೆ. ಚಿಂತಿ ಬಿಡು, ನಾ ನೋಡಕೋತೀನಿ."

ಪೆಟ್ಟಿಗೆ ಅದನ್ನು ಹಾಗೇ ತಿರುಗಿ ಹೇಳಿತು. ನನಗಿಂತ ಪ್ರೀತಿಯಿಂದ ಹೇಳಿತು ಎಂದು ಹುಡುಗಿಯರು ಚೇಷ್ಟೆ ಮಾಡಿದರು.

ಸಂಗವ್ವನ ರಿಂಗಿನ ಗತಿ ಏನು ಎಂದು ಕೇಳಿದೆ. ಮೊದಲ ರಿಂಗಿಗೇ ಪೆಟ್ಟಿಗೆ ಎತ್ತಿಬಿಟ್ಟರೆ ನಮ್ಮ ಕರಾರೇ ಮುರಿದಂತೆ. ತಬಸ್ಸುಮ್ ಯೋಚಿಸಿ, ಗೋಡೆಯ ಮೇಲಿದ್ದ ನಮ್ಮ ಹಳೇ ಫೋನನ್ನು ಪೆಟ್ಟಿಗೆಗೆ ಜೋಡಿಸಿದಳು. ಸಂಗವ್ವನ ನಂಬರಿನಿಂದ ಒಂದು ರಿಂಗ್ ಬಂದು ನಿಂತರೆ ಪೆಟ್ಟಿಗೆ ಎತ್ತುವುದಿಲ್ಲ, ಗೋಡೆಯ ಫೋನಿನ ಗಂಟೆಯನ್ನು ಒಮ್ಮೆ ಬಾರಿಸುತ್ತದೆ. ಪರೀಕ್ಷೆಗೆಂದು ಬಾರಿಸಿಯೂ ತೋರಿಸಿದಳು. ನಾನು ಅವಳ ಕೈಗೆ ಬಿಸಿ ರೊಟ್ಟಿ, ಬೆಣ್ಣೆ ಕೊಟ್ಟೆ.

ಪೆಟ್ಟಿಗೆಯ ನಿಜವಾದ ಚಮತ್ಕಾರ ಬೇರೆಯೇ ಇತ್ತು. ಯಾರು ಯಾವ ವಾರ, ಯಾವ ಹೊತ್ತಿಗೆ, ಏನು ಕೇಳಿ ಕರೆ ಮಾಡುತ್ತಾರೆ ಎಂಬುದನ್ನು ಅದು ಕಲಿಯುತ್ತಿತ್ತು. ಹಾಸ್ಟೆಲಿನವರು ದಿನಾ ಮಾಡುವ ಕರೆಯನ್ನು ಒಂದು ದಿನ ಮರೆತರೆ, ಅದು ಬಂದೇ ಬಂತು ಎಂಬಂತೆ ತಾನೇ ಅಂದಾಜಿನ ಮೇಲೆ ಆರ್ಡರ್ ತುಂಬಿಬಿಡುತ್ತಿತ್ತು. ಅದಕ್ಕೆ 'ವಾಡಿಕೆ ಕರೆ' ಎಂದು ಹೆಸರು. ಆ ಅಂದಾಜು ತಪ್ಪಿದ್ದು ಬಲು ಅಪರೂಪ. ಮುಂದೆ ಹಾಸ್ಟೆಲಿನವರೂ ಅಂಥದೇ ಪೆಟ್ಟಿಗೆ ತಂದರು. ಅವರ ಪೆಟ್ಟಿಗೆ, ನಮ್ಮ ಪೆಟ್ಟಿಗೆ ತಾವೇ ಮಾತಾಡಿಕೊಂಡು ಮುಗಿಸುತ್ತಿದ್ದವು.

ಓಣಿಯಲ್ಲಿ ಮನೆಮನೆಗೂ ಪೆಟ್ಟಿಗೆ ಬಂದವು. ಅತ್ತೆಯ ದೂರುಗಳಿಗೆ ಸೊಸೆಯ ಪೆಟ್ಟಿಗೆ 'ಹೌದ್ರೀ ಅತ್ತಿ' ಎನ್ನುತ್ತಿತ್ತು. ಅತ್ತೆಯ ಪೆಟ್ಟಿಗೆ ಆ ದೂರನ್ನು ದಿನಾ ಹೊಸದಾಗಿ ಹೇಳುತ್ತಿತ್ತು. ಮನೆಗಳಲ್ಲಿ ಅಷ್ಟು ಶಾಂತಿ ನಾನು ಹಿಂದೆಂದೂ ಕಂಡಿರಲಿಲ್ಲ. ಹಬ್ಬದ ಶುಭಾಶಯ ಯಾರು ಯಾರಿಗೆ ಹೇಳಿದರು ಎಂಬುದೇ ಯಾರಿಗೂ ಗೊತ್ತಿರುತ್ತಿರಲಿಲ್ಲ, ಆದರೆ ಯಾರಿಗೂ ಹೇಳದೇ ಉಳಿದಿರುತ್ತಿರಲಿಲ್ಲ. ನಾನೂ ನಗುತ್ತಿದ್ದೆ. ನನಗೆ ಬೇಕಾದದ್ದು ಒಂದು ರಿಂಗ್, ಅದು ಗೋಡೆಯ ಮೇಲೆ ನಿಯತ್ತಾಗಿ ಕೇಳಿಸುತ್ತಿತ್ತಲ್ಲ.

ಸಂಕ್ರಾಂತಿ ಬಂತು. ನಮ್ಮ ಕಡೆ ಭೋಗಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಆಗಲೇಬೇಕು, ಈಗ ಮನೆಯಲ್ಲಿ ಬಡಿಯುವವರು ಕಡಿಮೆ. ಆ ವಾರ ನಮ್ಮ ಹಂಚು ಆರುವುದೇ ಇಲ್ಲ. ಮಾತಿನ ಕರೆಯೆಲ್ಲ ನೇರ ಪೆಟ್ಟಿಗೆಗೇ ಹೋಗಲಿ, ಹಿಡಿದಿಟ್ಟದ್ದನ್ನು ನಾನೇ ಕೇಳಿಕೊಳ್ಳುತ್ತೇನೆ ಎಂದು ಮನೆಯವರು ವ್ಯವಸ್ಥೆ ಮಾಡಿದರು. ನನಗೂ ಅದೇ ಬೇಕಿತ್ತು. ಸಜ್ಜೆ ಹಿಟ್ಟು ಹಟಮಾರಿ, ಬಿಸಿನೀರಿನ ಹದ ಒಂಚೂರು ತಪ್ಪಿದರೂ ಅಂಚು ಬಿರಿಯುತ್ತದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಗೋಡೆಯ ಗಂಟೆ ಮೊಳಗುತ್ತಿತ್ತು. ಒಂದು ರಿಂಗ್, ನಿಂತಿತು. ಮೊದಲೆಲ್ಲ ಸಂಗವ್ವನ ರಿಂಗ್ ಒಂದು ದಿನ ಗಿಡ್ಡ, ಒಂದು ದಿನ ಉದ್ದ. ಮೇಕೆ ಹಾಲು ಕರೆಯುತ್ತ ಮರೆತಳೆಂದರೆ ತಡವಾಗಿ. ಆ ವಾರ ಮಾತ್ರ ಎಲ್ಲ ಒಂದೇ ಅಳತೆ, ಒಂದೇ ಹೊತ್ತು.

"ನಮ್ಮ ಸಂಗೀಗೂ ಬುದ್ಧಿ ಬಂತು ನೋಡ್ರಿ," ಎಂದೆ ಮನೆಯವರಿಗೆ. "ಈಗ ಹೊತ್ತಿಗೆ ಸರಿಯಾಗಿ ಹೊಡೀತಾಳ."

ಅವರು ರೊಟ್ಟಿ ಕಟ್ಟು ಕಟ್ಟುತ್ತಿದ್ದರು. "ಹೂಂ," ಎಂದರು.

ಹಬ್ಬದ ದಿನ ಬೆಳಿಗ್ಗೆ ಸಜ್ಜೆ ರೊಟ್ಟಿ, ಕುಸುರೆಳ್ಳು, ಒಂದು ಡಬ್ಬಿ ಎಣ್ಣೆಗಾಯಿ ಕಟ್ಟಿಕೊಂಡು ಸಂಗವ್ವನ ಊರಿನ ಬಸ್ಸು ಹತ್ತಿದೆ. ಎಣ್ಣೆಗಾಯಿಗೆ ಬೇಕೆಂದೇ ಬೆಲ್ಲ ಹಾಕಿದ್ದೆ, ಅವಳು ಬೈಯಲಿ ಎಂದು.

ಮನೆಗೆ ಬೀಗ. ಮೇಕೆಗಳು ಪಕ್ಕದ ಕುರಿಗಾರರ ದೊಡ್ಡಿಯಲ್ಲಿದ್ದವು. ಅಲ್ಲಿಯ ಮುದುಕ ನನ್ನನ್ನು ಕಂಡು ಕಣ್ಣು ತಪ್ಪಿಸಿದ.

"ಅಕಿ ಗದಗಿನ ದವಾಖಾನ್ಯಾಗ ಅದಾಳವಾ. ನಿನ್ನೆ ಒಯ್ದೇವಿ. ಮ್ಯಾಕಿ ಒದರೋದು ನಿಲ್ಲವಲ್ದು ಅಂತ ಹೋಗಿ ನೋಡಿದ್ರ, ಹಿತ್ತಲದಾಗ ಬಿದ್ದಿದ್ಲು. ಯಾವತ್ತ ಬಿದ್ದಾಳೋ ಏನೋ. ನಿನಗ ಹೇಳಬ್ಯಾಡ ಅಂದ್ಲು. ಅಕ್ಕಗ ಗೊತ್ತೈತಿ, ಬರಾಂಗಿದ್ರ ಬರ್ತಿದ್ಲು ಅಂದ್ಲು."

ಅದೇ ಬಸ್ಸಿಗೆ ತಿರುಗಿ ಬಂದೆ. ನನ್ನ ಊರಿನಲ್ಲೇ, ನಮ್ಮ ಒಲೆಗಳಿಂದ ಕೂಗಳತೆಯ ದವಾಖಾನೆಯಲ್ಲಿ ನನ್ನ ತಂಗಿ ಮಲಗಿದ್ದಳು. ಸೊಂಟದ ಎಲುಬು ಮುರಿದಿತ್ತು. ನೀರಿಲ್ಲದೆ, ತಂಡಿಯಲ್ಲಿ ಬಿದ್ದುಕೊಂಡು ಒಂದು ಕಾಲಿನ ಮಾಂಸ ಕೆಟ್ಟಿತ್ತು. ಜೀವಕ್ಕೆ ಅಪಾಯವಿಲ್ಲ, ಆದರೆ ಮೊದಲಿನಂತೆ ನಡೆಯುವುದು ಕಷ್ಟ ಎಂದರು ಡಾಕ್ಟರು. ಸಂಗವ್ವ ನನ್ನನ್ನು ನೋಡಿ ಮುಖ ಗೋಡೆಗೆ ತಿರುಗಿಸಿದಳು.

"ಸಂಗೀ, ನನಗ ಗೊತ್ತ ಇಲ್ಲವಾ. ದಿನಾ ನಿನ್ನ ರಿಂಗ್ ಬರ್ತಿತ್ತು," ಎಂದೆ.

"ನನ್ನ ಫೋನ್ ಸತ್ತು ಬಿದ್ದಿತ್ತು. ರಿಂಗ್ ಬಂತಂತ. ಸುಳ್ಳರ ನೆಟ್ಟಗ ಹೇಳ ಅಕ್ಕಾ."

"ಅವ್ವನ ಆಣಿ, ಬಂತು!"

ಆಗ ಅವಳು ಇತ್ತ ತಿರುಗಿದಳು. ಆ ಮುಖದಲ್ಲಿ ಸಿಟ್ಟು ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

"ಬಿದ್ದ ಕೂಡ್ಲೇ ನಿನಗ ಫೋನ್ ಹಚ್ಚಿದೆ. ರಿಂಗ್ ಕೊಟ್ಟು ಬಿಡಲಿಲ್ಲ, ಎತ್ತೂ ತನಕ ಹಿಡಕೊಂಡೆ. ಬಿದ್ದೀನಿ ಅಂತ ಹೇಳಿದೆ. ನೀನ ಅಂದಿ, ಆತು ಕೇಳಿಸಕೊಂಡೆ, ಚಿಂತಿ ಬಿಡು, ನಾ ನೋಡಕೋತೀನಿ ಅಂತ. ಅದಕ್ಕ ನಾ ಮತ್ತ ಯಾರಿಗೂ ಹಚ್ಚಲಿಲ್ಲ. ಅಕ್ಕ ಬರ್ತಾಳ ಅಂತ ಮಲಗಿದೆ. ಹೊತ್ತು ಮುಳುಗಿದ ಮ್ಯಾಲ ಹಚ್ಚೂಣಂದ್ರ ಬ್ಯಾಟರಿ ಇರಲಿಲ್ಲ."

ಅವಳಿಗೆ ಧೈರ್ಯ ಹೇಳಿ, ಬೇರೆಯವರ ಸಹಾಯ ತಪ್ಪಿಸಿದ್ದು ನನ್ನದೇ ದನಿ. ನಾನು ತಂದ ಡಬ್ಬಿಯನ್ನು ಅವಳು ಮುಟ್ಟಲಿಲ್ಲ.

ಮರುದಿನವೇ ಹುಬ್ಬಳ್ಳಿಗೆ ಹೋದೆ. ಓಗೊಡು ಕಂಪನಿಯ ಕೋಣೆ ಒಂದು ಬಟ್ಟೆ ಅಂಗಡಿಯ ಮೇಲಿತ್ತು. ಒಳಗೆ ತಂಪು, ಸಾಲು ಸಾಲು ಪರದೆ, ಅವುಗಳ ಮೇಲೆ ಸಣ್ಣ ಚುಕ್ಕೆಗಳು. ಒಂದೊಂದು ಚುಕ್ಕೆಯೂ ಒಂದೊಂದು ಕರೆ. ತಬಸ್ಸುಮ್ ನನ್ನನ್ನು ನೋಡಿ ಓಡಿ ಬಂದಳು. ಸುದ್ದಿ ಕೇಳಿ ಅವಳ ಮುಖ ಬೆಳ್ಳಗಾಯಿತು.

"ನಿನ್ನ ಪೆಟಿಗಿ ನನ್ನ ತಂಗೀನ ಕೊಲ್ಲತಿತ್ತಲ್ಲವಾ," ಎಂದೆ. ಜೋರಾಗಿಯೇ ಅಂದೆ. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಅವಳು ಏನೂ ಎದುರಾಡದೆ ನಮ್ಮ ಅಂಗಡಿಯ ಕರೆಗಳನ್ನು ತೆಗೆದಳು. ನಿಜವಾಗಿ ಬಂದ ಕರೆ ಹಸಿರು ಚುಕ್ಕೆ, ಅಂದಾಜಿನ ಮೇಲೆ ತುಂಬಿದ್ದು ಬಿಳಿ ಚುಕ್ಕೆ. ಸಂಗವ್ವನ ಸಾಲು ಸಂಜೆಸಂಜೆಗೆ ಹಸಿರಾಗಿಯೇ ಬಂದಿತ್ತು. ಭೋಗಿಗೆ ಮೂರು ದಿನ ಮುಂಚಿನಿಂದ ಅದು ಬಿಳಿಯಾಗಿತ್ತು.

"ಅದರ ಹಿಂದಿನ ಹಸರು ಚುಕ್ಕಿ ಮಧ್ಯಾಹ್ನದ್ದೈತಲ್ಲ, ಅದೇನು?" ಎಂದೆ.

ತಬಸ್ಸುಮ್ ಹಿಂದುಮುಂದು ನೋಡಿ ಅದನ್ನು ಕೇಳಿಸಿದಳು. ಸಂಗವ್ವನ ಏದುಸಿರು, ಹಿಂದೆ ಮೇಕೆಗಳ ಕೂಗು. 'ಅಕ್ಕಾ, ಹಿತ್ತಲದಾಗ ಜಾರಿ ಬಿದ್ದೀನಿ. ಎದ್ದೇಳಾಕ ಬರವಲ್ದು. ನಿನಗ ಹಬ್ಬದ ಕೆಲಸ ಇರ್ತೈತಿ, ಭಾಳ ಅವಸರ ಏನಿಲ್ಲ. ಕೈ ಸಡ್ಲಾದ ಕೂಡ್ಲೇ ಬಂದುಬಿಡು.' ಅದರ ಬೆನ್ನಿಗೇ ನನ್ನ ದನಿ. ಆತು, ಕೇಳಿಸಕೊಂಡೆ. ಚಿಂತಿ ಬಿಡು, ನಾ ನೋಡಕೋತೀನಿ. ಅಷ್ಟು ಪ್ರೀತಿಯಿಂದ ನಾನು ಅವಳೊಡನೆ ಯಾವತ್ತೂ ಮಾತಾಡಿರಲಿಲ್ಲ.

ಮುಖ ಮುಚ್ಚಿಕೊಂಡು ಅತ್ತೆ. ಅತ್ತ ಮೇಲೆ ಕೇಳಿದೆ. "ಇದನ್ನ ಯಾರೂ ಕೇಳಲಿಲ್ಲೇನು? ಹಂಗ ಪೆಟಿಗ್ಯಾಗ ಬಿದ್ದಿತ್ತೇನು?"

ತಬಸ್ಸುಮ್ ತಲೆ ತಗ್ಗಿಸಿದಳು.

"ಕೇಳ್ಯಾರ್ರಿ ಆಂಟಿ. ಅವತ್ತ ಕೇಳ್ಯಾರ. ಅಂಕಲ್."

"ಮತ್ತ ಆ ಬಿಳಿ ಚುಕ್ಕಿ?"

"ಆರ್ಡರಿಂದಾದ್ರ ಪೆಟಿಗಿ ತಾನ ತುಂಬತೈತ್ರಿ. ಗೋಡಿ ಗಂಟಿಗೆ ಹಂಗ ಮಾಡಬಾರದಂತ ನಾ ಕಟ್ಟು ಹಾಕಿದ್ದೆ. ಅದಕ್ಕ ಮೊದಲ ಮಾಲಕರನ್ನ ಕೇಳತೈತಿ. ಇವತ್ತು ಕರೆ ಬಂದಿಲ್ಲ, ತುಂಬಲೇನು ಅಂತ ದಿನಾ ಅಂಕಲ್ ಮೊಬೈಲಿಗೆ ಕೇಳೇತಿ." ಅವಳು ಪರದೆಯ ಮೇಲಿನ ಉತ್ತರಗಳನ್ನು ತೋರಿಸಿದಳು. "ದಿನಾ ಹೂಂ ಅಂದಾರ್ರಿ."

ಅಲ್ಲಿಯವರೆಗೂ ನನ್ನ ಸಿಟ್ಟೆಲ್ಲ ಪೆಟ್ಟಿಗೆಯ ಮೇಲಿತ್ತು. ಅದರ ಮೇಲೇ ಇದ್ದಿದ್ದರೆ ಎಷ್ಟು ಹಗುರಾಗುತ್ತಿತ್ತು. ಯಂತ್ರವನ್ನು ಒಡೆದು ತಿಪ್ಪೆಗೆ ಎಸೆದು ಮನೆಗೆ ಹೋಗಿ ಗಂಡನ ಮುಂದೆ ಕೂತು ಅಳಬಹುದಿತ್ತು. ಈಗ ಯಾರ ಮುಂದೆ ಅಳಲಿ?

ಮನೆಗೆ ಬಂದಾಗ ಅವರು ಒಲೆಯ ಬೂದಿ ಬಳಿಯುತ್ತಿದ್ದರು. ನನ್ನ ಮುಖ ನೋಡಿಯೇ ತಿಳಿದುಕೊಂಡರು. ಕೈಯಲ್ಲಿದ್ದ ಮೊರ ಕೆಳಗಿಟ್ಟರು.

"ಕೇಳಿದ್ರ್ಯಾ?" ಎಂದೆ. "ಅಕಿ ಬಿದ್ದೀನಂದದ್ದು ಕೇಳಿದ್ರ್ಯಾ?"

"ಅವಸರ ಇಲ್ಲಂತ ಅಕಿನ ಅಂದಿದ್ಲು, ನೀಲಾ."

"ಅಕಿ ಯಾವತ್ತು ಅವಸರ ಐತಿ ಅಂದಾಳ? ಮನಿಗೆ ಬಂದಾಗ ಎರಡ ರೊಟ್ಟಿ ಸಾಕಂತಾಳ. ಎರಡಕ್ಕ ಬಿಡ್ತೀರೇನು ನೀವು? ಒತ್ತಾಯಾ ಮಾಡಿ ನೀಡತೀರಿ. ಅವತ್ತ ಯಾಕ ಅಕಿ ಮಾತು ಹಂಗ ಖರೇ ಮಾಡಿದ್ರಿ?"

ಅವರು ಕೈಗೆ ಹತ್ತಿದ ಬೂದಿ ಒರೆಸಿಕೊಂಡರು. "ಇಷ್ಟಾಗತೈತಂತ ತಿಳೀಲಿಲ್ಲ. ಕಾಲು ಉಳುಕಿರಬೇಕು, ಮಗ್ಗಲ ಮನ್ಯಾವರು ಇರ್ತಾರ, ಹಬ್ಬ ಮುಗಿದ ಕೂಡ್ಲೇ ಹೇಳೋಣ ಅಂತ... ಹೇಳಿದ್ರ ನೀ ಓಡಿ ಹೋಗ್ತಿದ್ದಿ."

"ಹೌದು. ಓಡಿ ಹೋಗ್ತಿದ್ದೆ."

"ಇಡೀ ಊರಿನ ಭೋಗಿ ರೊಟ್ಟಿ ನಮ್ಮ ಮ್ಯಾಲ ಇತ್ತು. ಮತ್ತ ಮಂದಿ ಮುಂದ ಕೈಮುಗಿದು ನಿಂದ್ರಾಕ ನನ್ನಿಂದ ಆಗತಿರಲಿಲ್ಲ."

ಹೆಣ್ಣುಮಕ್ಕಳು ಬಾಗಿಲ ಬಳಿ ಬಂದು ನಿಂತಿದ್ದರು. ನಾನು ದನಿ ಏರಿಸಲಿಲ್ಲ. ಬೇರೆ ಹೆಂಗಸಿನ ಸಂಗ ಮಾಡಿದ್ದರೆ ಕೂಗಾಡುತ್ತಿದ್ದೆ, ಕುಡಿದು ಬಂದಿದ್ದರೆ ಬಾಗಿಲು ಹಾಕುತ್ತಿದ್ದೆ. ಸಂಜೆಸಂಜೆ ನನ್ನ ಎದುರೇ ಕೂತು, ನನ್ನ ತಂಗಿ ಆರಾಮ ಇದ್ದಾಳೆಂದು ಗಂಟೆ ಬಾರಿಸಿ, ನಾನು ನಗುವುದನ್ನು ನೋಡಿ 'ಹೂಂ' ಅಂದ ಗಂಡಸಿಗೆ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಮೂವತ್ತು ವರ್ಷ ಆ ಮೆತ್ತಗಿನ ಮಾತನ್ನು ನಂಬಿ ಬದುಕಿದ್ದೆ. ಆ ಮೆತ್ತಗಿನ ಮಾತಿನಲ್ಲಿ ಇನ್ನೆಷ್ಟು ಬಿಳಿ ಚುಕ್ಕೆಗಳಿದ್ದವೋ ಎಂದು ಮೊದಲ ಸಲ ಅನ್ನಿಸಿತು. ಅದನ್ನು ಎಣಿಸಲು ಹುಬ್ಬಳ್ಳಿಯಲ್ಲಿ ಪರದೆಯಿಲ್ಲ.

ಅವರು ಅಂದೇ ಪೆಟ್ಟಿಗೆ ಕಿತ್ತುಹಾಕಿದರು. ಹಳೇ ಫೋನನ್ನು ಮೊದಲಿನಂತೆ ಜೋಡಿಸಿದರು. ದವಾಖಾನೆಗೆ ಹೋಗಿ ಸಂಗವ್ವನ ಕಾಲ ಬಳಿ ನಿಂತು ತಪ್ಪಾಯಿತು ಎಂದರು. ಅವಳು, "ಹೋಗ್ಲಿ ಬಿಡ್ರಿ ಮಾಮಾ," ಎಂದಳು. ನಮ್ಮ ಮನೆಗೆ ಬಾ ಎಂದು ಎಷ್ಟು ಕರೆದರೂ ಬರಲಿಲ್ಲ. ಕುರಿಗಾರರ ಹೆಂಗಸೊಬ್ಬಳನ್ನು ಜೊತೆಗಿಟ್ಟುಕೊಂಡು ಗುಡ್ಡದ ಮನೆಗೇ ಹೋದಳು. ನಾನು ವಾರವಾರ ಹೋಗಿ ಬರುತ್ತಿದ್ದೆ. ಅವಳು ಮಾತಾಡುತ್ತಿದ್ದಳು, ಜಗಳ ಮಾತ್ರ ಆಡುತ್ತಿರಲಿಲ್ಲ. ಎಣ್ಣೆಗಾಯಿಯಲ್ಲಿ ಬೆಲ್ಲವಿದ್ದರೂ ಸುಮ್ಮನೆ ತಿನ್ನುತ್ತಿದ್ದಳು. ಸಂಜೆಯ ರಿಂಗ್ ನಿಂತೇಹೋಗಿತ್ತು. ಕೊಡು ಎಂದು ಕೇಳುವ ಬಾಯಿ ನನಗಿರಲಿಲ್ಲ.

ಯುಗಾದಿ ಕಳೆದು ಬಿಸಿಲು ಏರಿದ ಒಂದು ಸಂಜೆ. ಕಡೆಯ ಹಂಚು ಇಳಿಸುತ್ತಿದ್ದೆ. ಒಬ್ಬ ಹುಡುಗಿ ಜಗುಲಿಯ ದೀಪ ಹಚ್ಚುತ್ತಿದ್ದಳು. ಗೋಡೆಯ ಫೋನು ರಿಂಗಾಯಿತು.

ಒಂದು ರಿಂಗ್. ನಿಂತಿತು.

ಪಟಪಟ ಸದ್ದೆಲ್ಲ ನಿಂತಿತು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಒಬ್ಬಳು ಚಪ್ಪಾಳೆಯನ್ನೂ ತಟ್ಟಿದಳು. ಮನೆಯವರು ಒಳಗಿನ ಕೋಣೆಯಿಂದ ಓಡಿ ಬಂದರು. ಅವರ ಕಣ್ಣು ತುಂಬಿತ್ತು.

"ನೀಲಾ, ಕೇಳಿದ್ಯಾ? ಸಂಗವ್ವ ರಿಂಗ್ ಕೊಟ್ಲು!"

ನಾನೂ ಹಿಗ್ಗಬೇಕಿತ್ತು. ಎಷ್ಟು ದಿನ ಕಾದ ಸದ್ದು ಅದು. ಆದರೆ ನನ್ನ ಕಣ್ಣು ತಾನಾಗಿ ಹೋಗಿದ್ದು ಅವರ ಕೈಗೆ. ಬಲಗೈಯಲ್ಲಿ ಮೊಬೈಲ್ ಇತ್ತು.

ನಾನು ನೋಡುತ್ತಿರುವುದನ್ನು ಅವರು ಕಂಡರು. ಮುಖದ ಕಳೆ ಇಳಿಯಿತು. ಮೊಬೈಲನ್ನು ನನ್ನ ಮುಂದೆ ಹಿಡಿದರು.

"ನಾ ಮಾಡಿಲ್ಲ. ಬೇಕಾದ್ರ ನೋಡು. ದೇವರಾಣಿ ನಾ ಮಾಡಿಲ್ಲ."

ನಾನು ನೋಡಲಿಲ್ಲ. ನೋಡಿ ಏನು ಮಾಡಲಿ, ಅಳಿಸಿದ್ದು ಕಾಣುತ್ತದೆಯೇ? ಮಾಡಿಲ್ಲದೇ ಇರಬಹುದು, ಮಾಡಿಲ್ಲ ಎಂದೇ ನನ್ನ ಮನಸ್ಸು ಹೇಳಿತು. ಅದರಿಂದ ಉಪಯೋಗವಿರಲಿಲ್ಲ. ಹಿಟ್ಟಿನ ಕೈ ತೊಳೆದುಕೊಂಡೆ. ಗೂಟದ ಮೇಲಿನ ಚೀಲ ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಮೊದಲು ರಿಂಗ್ ಬಾರದಿದ್ದರೆ ಹೋಗುತ್ತಿದ್ದೆ, ಈಗ ಬಂದರೂ ಹೋಗಬೇಕು.

ಬಸ್ಸು ಇಳಿದು ಹೋದಾಗ ಸಂಗವ್ವ ಕಟ್ಟೆಯ ಮೇಲೆ ಕೌದಿ ಹರಡಿಕೊಂಡು ಕೂತಿದ್ದಳು. ಊರುಗೋಲು ಪಕ್ಕಕ್ಕಿತ್ತು, ಮೊಬೈಲು ಮಡಿಲಲ್ಲಿತ್ತು. ನನ್ನನ್ನು ಕಂಡು ಅವಳ ಹುಬ್ಬು ಗಂಟಾಯಿತು.

"ರಿಂಗ್ ಕೊಟ್ಟಿದ್ನಲ್ಲ. ಮತ್ಯಾಕ ಬಂದಿ?"

"ಕೊಟ್ಟಾಕಿ ನೀನ ಹೌದೋ ಅಲ್ಲೋ ನೋಡಾಕ ಬಂದೆ," ಎಂದೆ.

ಸಂಗವ್ವ ಮೊಬೈಲನ್ನು ಮಡಿಲಿನಿಂದ ತೆಗೆದು ದೂರ ಇಟ್ಟಳು.

"ಹಂಗಾದ್ರ ಇನ್ನ ಮ್ಯಾಲ ಕೊಡೂದಿಲ್ಲ ಬಿಡು," ಎಂದಳು.